ನೀವು ಹೋಗಿ ಬನ್ನಿ

ಸಹ್ಯಾದ್ರಿಯನ್ನು ನೋಡುವುದಾದರೆ ಮಳೆಗಾಲದಲ್ಲೇ ನೋಡಬೇಕು ಎಂದು ಪುಣೆ, ಮುಂಬೈ ಕಡೆ ಎಲ್ಲರೂ ಹೇಳುತ್ತಾರೆ. ಆ ಮಾತು ಎಷ್ಟು ಜನಪ್ರಿಯ ಎನ್ನುವುದು ಜುಲೈ ತಿಂಗಳ ಶನಿವಾರ ಲೋಣಾವಳದ ದಾರಿಯಲ್ಲಿ ಸಿಕ್ಕಿಕೊಂಡವರಿಗೆ ಗೊತ್ತು. ನನ್ನ ಮತ ಬೇರೆ. ಮಳೆಗಾಲದ ಬೆಟ್ಟ ಹಸಿರು ಹೊದ್ದು ಮಲಗಿರುತ್ತದೆ. ಅದರ ಮೈಕಟ್ಟು ಕಾಣಬೇಕಾದರೆ ಡಿಸೆಂಬರ್‌ವರೆಗೆ ಕಾಯಬೇಕು. ಆಗ ಹುಲ್ಲು ಒಣಗಿ ಹೊಂಬಣ್ಣಕ್ಕೆ ತಿರುಗಿರುತ್ತದೆ. ಕಪ್ಪು ಬಂಡೆಯ ಪದರಗಳನ್ನು ಕೂತಲ್ಲಿಂದಲೇ ಎಣಿಸಬಹುದು. ಮಲೆನಾಡಿನಲ್ಲಿ ಬೆಳೆದ ನನಗೆ ಬೆಟ್ಟವೆಂದರೆ ಕಾಡು. ಕೊಡಚಾದ್ರಿಯಾಗಲಿ ಕುದುರೆಮುಖವಾಗಲಿ, ನಡೆಯುವವರನ್ನು ಶೋಲಾ ಕಾಡು ಆಗಾಗ ಒಳಗೆ ಕರೆದುಕೊಂಡು ನೆರಳು ಕೊಡುತ್ತದೆ. ಇಲ್ಲಿನ ಬೆಟ್ಟಕ್ಕೆ ಆ ದಾಕ್ಷಿಣ್ಯವಿಲ್ಲ. ಬಂಡೆ, ಹುಲ್ಲು, ಗಾಳಿ, ಅಷ್ಟೇ.

ಈ ಬಂಡೆಗೆ ಸುಮಾರು 6.6 ಕೋಟಿ ವರ್ಷ ವಯಸ್ಸು. ನೆಲ ಬಿರಿದು ಲಾವಾ ಹರಿದು, ತಣಿದು, ಅದರ ಮೇಲೆ ಮತ್ತೊಮ್ಮೆ ಹರಿದು, ಪದರದ ಮೇಲೆ ಪದರ ಕೂತು ಆದದ್ದು. ಗಟ್ಟಿ ಪದರ ಗೋಡೆಯಂತೆ ನಿಲ್ಲುತ್ತದೆ, ಮೆತ್ತಗಿನದು ಸವೆದು ಇಳಿಜಾರಾಗುತ್ತದೆ. ದೂರದಿಂದ ನೋಡಿದರೆ ದೊಡ್ಡ ಮೆಟ್ಟಿಲುಗಳು. ಭೂವಿಜ್ಞಾನಿಗಳು ಇದನ್ನು ಡೆಕ್ಕನ್ ಟ್ರ್ಯಾಪ್ ಎಂದು ಕರೆಯುವುದೂ ಅದಕ್ಕೇ: ಸ್ವೀಡಿಷ್ ಭಾಷೆಯಲ್ಲಿ ಟ್ರಾಪಾ ಎಂದರೆ ಮೆಟ್ಟಿಲು. ನಮ್ಮ ಬೆಳಗಾವಿ, ವಿಜಯಪುರದ ಕಡೆಯ ಕಪ್ಪು ಕಲ್ಲೂ ಇದೇ ಲಾವಾದ ದಕ್ಷಿಣದ ಅಂಚು.

ಚಳಿಗಾಲದ ಬೆಟ್ಟಕ್ಕೆ ಒಂದೇ ಕೊರತೆ, ಹಗಲು. ಡಿಸೆಂಬರ್ ಕೊನೆಯಲ್ಲಿ ಈ ಕಡೆ ಸೂರ್ಯ ಏಳರ ಸುಮಾರಿಗೆ ಹುಟ್ಟಿ ಆರರ ಸುಮಾರಿಗೆ ಮುಳುಗುತ್ತಾನೆ. ಕೈಯಲ್ಲಿರುವುದು ಹನ್ನೊಂದು ಗಂಟೆ. ಹಿಮಾಲಯದ ಚಳಿ ಇಲ್ಲಿಲ್ಲ, ನಿಜ. ಆದರೆ ಹತ್ತುವಾಗ ಬೆವರಿ ಒದ್ದೆಯಾದ ಅಂಗಿ, ಸಂಜೆಯ ಗಾಳಿ, ಕತ್ತಲು ಮತ್ತು ಅಲುಗಾಡದೆ ಕೂತ ಮೈ, ಈ ನಾಲ್ಕೂ ಒಟ್ಟಾದರೆ ಇಲ್ಲೂ ಹಲ್ಲು ಕಟಕಟಿಸುತ್ತದೆ. ಅದಕ್ಕೇ ನಮ್ಮ ನಾಲ್ವರ ಗುಂಪಿನಲ್ಲಿ ಒಂದು ಕಟ್ಟುಪಾಡು ಇತ್ತು. ಹೊರಡುವ ಮೊದಲೇ ಒಂದು ಸಮಯ ಗೊತ್ತು ಮಾಡುವುದು. ಆ ಗಳಿಗೆಗೆ ಎಲ್ಲಿರುತ್ತೇವೋ ಅಲ್ಲಿಂದ ಹಿಂದಕ್ಕೆ ತಿರುಗುವುದು. ಶಿಖರ ಹತ್ತು ಹೆಜ್ಜೆ ದೂರವಿದ್ದರೂ ಅಷ್ಟೇ.

ಒಂದು ಡಿಸೆಂಬರ್‌ನ ಕೊನೆಯ ಭಾನುವಾರ ಹರಿಶ್ಚಂದ್ರಗಡಕ್ಕೆ ಹೋದಾಗ ಆ ಸಮಯ ಮಧ್ಯಾಹ್ನ ಹನ್ನೆರಡೂವರೆ.

ನಾವು ನಾಲ್ವರು ಪುಣೆಯಲ್ಲಿ ಕನ್ನಡ ಮಾತಾಡುವ ಆಸೆಗೆ ಒಟ್ಟಾದವರು. ಗದಗದ ಗೆಳೆಯ, ಮಂಗಳೂರಿನ ಗೆಳತಿ, ಚಾಮರಾಜನಗರದವನೊಬ್ಬ, ನಾನು. ಒಬ್ಬೊಬ್ಬರ ಕನ್ನಡ ಒಂದೊಂದು ದಿಕ್ಕಿಗೆ ಎಳೆಯುತ್ತದೆ. ಚಾಮರಾಜನಗರದವನ ‘ಬತ್ತೀನಿ’ ಮಂಗಳೂರಿನ ‘ಬರ್ತೇನೆ’ಯನ್ನು ಗೇಲಿ ಮಾಡುತ್ತದೆ, ಗದಗ ಇಬ್ಬರನ್ನೂ. ಆ ಭಾನುವಾರಕ್ಕೆ ಮಾತ್ರ ಸ್ವಲ್ಪ ಭಾರವಿತ್ತು. ಗದಗದ ಗೆಳೆಯ ಹದಿನಾಲ್ಕು ವರ್ಷದ ಪುಣೆ ವಾಸ ಮುಗಿಸಿ ಜನವರಿಯಲ್ಲಿ ಊರಿಗೆ ವಾಪಸು ಹೊರಟಿದ್ದ. ಇಷ್ಟು ವರ್ಷದಲ್ಲಿ ಕೊಂಕಣಕಡಾ ನೋಡಿಲ್ಲ ಎನ್ನುವುದೊಂದು ಅವನ ಕೊರಗು. ಗಡದ ಪಶ್ಚಿಮದ ಅಂಚಿನಲ್ಲಿ ನೆಲ ಇದ್ದಕ್ಕಿದ್ದಂತೆ ಮುಗಿದುಹೋಗುವ ಜಾಗ ಅದು. ಬಂಡೆ ಹಾವಿನ ಹೆಡೆಯಂತೆ ಮುಂದಕ್ಕೆ ಬಾಗಿದೆ, ಕೆಳಗೆ ಕೊಂಕಣ. ಮಂಜು ತುಂಬಿದಾಗ ಅಲ್ಲಿ ಪೂರ್ತಿ ವೃತ್ತಾಕಾರದ ಕಾಮನಬಿಲ್ಲು ಕಾಣುವುದುಂಟು. ಕರ್ನಲ್ ಸೈಕ್ಸ್ ಎಂಬ ಬ್ರಿಟಿಷ್ ಅಧಿಕಾರಿ ಅದನ್ನು ಕಂಡು 1835ರಷ್ಟು ಹಿಂದೆಯೇ ಬರೆದಿಟ್ಟಿದ್ದಾನೆ. ಅದು ಮಳೆಗಾಲದ ಭಾಗ್ಯ. ನಮ್ಮ ಗೆಳೆಯನ ಆಸೆ ಸಣ್ಣದು: ಕಡಾದ ಮೇಲೆ ಕೂತು ಜೋಳದ ರೊಟ್ಟಿ, ಶೇಂಗಾ ಚಟ್ನಿ ತಿನ್ನಬೇಕು. ರೊಟ್ಟಿಯನ್ನು ಹಿಂದಿನ ರಾತ್ರಿಯೇ ಬಡಿದು, ಬಟ್ಟೆಯಲ್ಲಿ ಸುತ್ತಿಟ್ಟಿದ್ದ.

ಬೆಳಗಿನ ಮೂರಕ್ಕೆ ಪುಣೆ ಬಿಟ್ಟೆವು. ಆಳೇಫಾಟಾದಲ್ಲಿ ಮಾಳಶೇಜ್ ಘಾಟಿನ ಕಡೆಗೆ ತಿರುಗಿ, ಪಿಂಪಳಗಾವ್ ಜೋಗಾ ಜಲಾಶಯದ ಪಕ್ಕ ಹಾದು ಖಿರೇಶ್ವರ ಸೇರಿದಾಗ ಇನ್ನೂ ಕತ್ತಲೆ. ನೀರಿನ ಮೇಲಿನಿಂದ ಬರುವ ಗಾಳಿ ಕಿವಿಯ ತುದಿಯನ್ನು ಹಿಡಿದು ತಿರುಚುತ್ತಿತ್ತು. ಒಂದು ಮನೆಯ ಮುಂದೆ ಶೇಕೋಟಿ ಹಾಕಿದ್ದರು. ಬೆಂಕಿಗೆ ಕೈ ಚಾಚಿ ಚಹಾ ಕುಡಿದೆವು. ಹೊರಟಾಗ ಆ ಮನೆಯ ಅಜ್ಜಿ “ಸಾವಕಾಶ ಜಾ” ಎಂದಳು. ಗದಗದ ಗೆಳೆಯ ತಿರುಗಿ ನಕ್ಕ. “ನಮ್ಮವ್ವನೂ ಇದನ್ನ ಅಂತಾಳ. ಸಾವಕಾಶ ಹೋಗು.” ಒಂದೇ ಪದ, ಒಂದೇ ಅರ್ಥ, ಗಡಿಯ ಎರಡೂ ಕಡೆ.

ಊರಿನಿಂದ ಗಡದ ಮೇಲಕ್ಕೆ ಸುಮಾರು 700 ಮೀಟರ್ ಏರಿಕೆ. ಮೊದಲ ಹಂತ ತೋಳಾರ ಖಿಂಡ್, ಎರಡು ಬೆಟ್ಟಗಳ ನಡುವಿನ ಸಂದು. ಅಲ್ಲಿ ಕಲ್ಲಿನಲ್ಲಿ ಕೆತ್ತಿದ ಹುಲಿದೇವರಿದೆ, ವಾಘೋಬಾ. ದಾರಿಯಲ್ಲಿ ಕಾರ್ವಿ ಗಿಡದ ಒಣಕಡ್ಡಿಗಳು. ಏಳೆಂಟು ವರ್ಷಕ್ಕೊಮ್ಮೆ ಹೂಬಿಡುವ, ನಮ್ಮ ಗುರ್ಗಿಯ ಬಳಗದ್ದೇ ಗಿಡ ಅದು. ಖಿಂಡಿನಲ್ಲಿ ಎಡಕ್ಕೆ ತಿರುಗಿದರೆ ಕಡಿದಾದ ಬಂಡೆ ಶುರು. ಕಂಬಿ ಹಾಕಿದ್ದಾರೆ. ಬೆಳಗಿನ ಆ ಹೊತ್ತಿಗೆ ಕಂಬಿ ಮಂಜುಗಡ್ಡೆಯಂತಿತ್ತು. ಹಿಡಿದ ಅಂಗೈ ಜುಮ್ಮೆನ್ನುತ್ತಿತ್ತು. ಕಲ್ಲು ಒಣಗಿದ್ದರಿಂದ ಕಾಲು ಜಾರಲಿಲ್ಲ. ಜಾರುತ್ತಿದ್ದದ್ದು ಕಲ್ಲಿನ ಮೇಲೆ ಕೂತ ಪುಡಿಮಣ್ಣು, ರಾಗಿಕಾಳಿನಂಥ ಸಣ್ಣ ಹರಳು. ನೆಲ ಗಟ್ಟಿಯಿದ್ದಷ್ಟೂ ಈ ಹರಳು ಉರುಳುತ್ತದೆ.

ಬಂಡೆ ಮುಗಿದ ಮೇಲೆ ಗಡ ಬಂತು ಅನ್ನಿಸುತ್ತದೆ. ಬಂದಿರುವುದಿಲ್ಲ. ಒಂದರ ಹಿಂದೆ ಒಂದು ಏಳು ದಿಬ್ಬಗಳಿವೆ ಎಂದು ಊರಿನವರು ಲೆಕ್ಕ ಹೇಳುತ್ತಾರೆ. ಹತ್ತಿ ಇಳಿಯುವುದು, ಇಳಿದು ಹತ್ತುವುದು. ಅದರಾಚೆ ದೇವಸ್ಥಾನ, ತಣ್ಣಗಿನ ನೀರಿನ ನಡುವೆ ಲಿಂಗವಿರುವ ಕೇದಾರೇಶ್ವರದ ಗುಹೆ, ಅಲ್ಲಿಂದ ಇನ್ನೂ ಅರ್ಧ ಗಂಟೆ ನಡೆದರೆ ಕಡಾ. ಮೂರನೆಯ ದಿಬ್ಬ ಇಳಿಯುವಾಗ ಗೆಳತಿಯ ಎಡ ಮಂಡಿ ಹಿಡಿದುಕೊಂಡಿತು. ಬೀಳಲಿಲ್ಲ, ಉಳುಕಲಿಲ್ಲ. ಸುಮ್ಮನೆ ಬಗ್ಗಲು ಒಪ್ಪಲಿಲ್ಲ. ನಿಧಾನವಾಗಿ ನಡೆದೆವು. ನಾಲ್ಕನೆಯದನ್ನು ದಾಟುವಷ್ಟರಲ್ಲಿ ಹನ್ನೆರಡು ಹೊಡೆದಿತ್ತು. ಐದನೆಯದರ ನೆತ್ತಿಯಲ್ಲಿ ಅವಳು ಒಂದು ಕಲ್ಲಿನ ಮೇಲೆ ಕೂತು, ಮುಖದಲ್ಲಿ ಏನೂ ತೋರಿಸದೆ ಹೇಳಿದಳು: “ನೀವು ಹೋಗಿ ಬನ್ನಿ. ನಾನು ಇಲ್ಲೇ ಕೂತಿರ್ತೇನೆ.”

ಬೆಟ್ಟದ ಮೇಲೆ ಯಾರಾದರೂ ಆಡಬಹುದಾದ ಅತ್ಯಂತ ಉದಾರವಾದ ಮಾತು ಇದು. ಅತ್ಯಂತ ಅಪಾಯದ ಮಾತೂ ಇದೇ. ಯಾಕೆಂದರೆ ಕೇಳಿದ ಕೂಡಲೇ ಸರಿ ಅನ್ನಿಸಿಬಿಡುತ್ತದೆ. ಬಿಸಿಲಿದೆ, ದಾರಿ ಕಾಣುತ್ತಿದೆ, ಎರಡು ಗಂಟೆಯ ಮಾತು. ಆದರೆ ಮುಂದಿನದನ್ನು ಬಿಡಿಸಿ ನೋಡಿ. ಕೂತವಳ ಬೆವರು ಅರ್ಧ ಗಂಟೆಯಲ್ಲಿ ಆರಿ ಚಳಿ ಹತ್ತುತ್ತದೆ. ಮೊದಲೇ ಬಿಗಿದ ಮಂಡಿ ಕಲ್ಲಾಗುತ್ತದೆ. ಹೋದವರು ಅವಳ ನೆನಪಿನಲ್ಲಿ ಅವಸರ ಮಾಡುತ್ತಾರೆ, ಅವಸರದ ಕಾಲು ಹರಳಿನ ಮೇಲೆ ಜಾರುತ್ತದೆ. ಹೇಳಿದ ಹೊತ್ತಿಗೆ ಅವರು ಬಾರದಿದ್ದರೆ ಇವಳು ಎದ್ದು ಎದುರು ಹೊರಡುತ್ತಾಳೆ. ಆ ದಿಬ್ಬಗಳ ಮೇಲೆ ದನ ಓಡಾಡಿದ ಹತ್ತು ಕಾಲುದಾರಿಗಳಿವೆ. ಅವಳೊಂದರಲ್ಲಿ, ಅವರೊಂದರಲ್ಲಿ. ಫೋನಿಗೆ ಸಿಗ್ನಲ್ ಇಲ್ಲ. ಗುಂಪು ಒಡೆದ ಗಳಿಗೆಯಿಂದ ಬೆಟ್ಟದ ಮೇಲೆ ಎರಡು ಗಡಿಯಾರ ನಡೆಯತೊಡಗುತ್ತವೆ, ಒಂದಕ್ಕೆ ಇನ್ನೊಂದರ ಸುದ್ದಿ ಇರುವುದಿಲ್ಲ.

ಇದೆಲ್ಲ ನಮಗೆ ನಾಲ್ವರಿಗೂ ಗೊತ್ತಿತ್ತು. ಆದರೂ ಒಂದಿಷ್ಟು ಹೊತ್ತು ಯಾರೂ ಮಾತಾಡಲಿಲ್ಲ. ಅವತ್ತು ಕಡಾ ಯಾರದ್ದೆಂದು ಎಲ್ಲರಿಗೂ ಗೊತ್ತಿತ್ತಲ್ಲ. ಚಾಮರಾಜನಗರದವನು, “ನಾನು ಇವರ ಜೊತೆ ಕೂತ್ಕತೀನಿ, ನೀವಿಬ್ರು ಹೋಗ್ಬಿಟ್ ಬನ್ನಿ” ಎಂದ. ಅದೂ ಸಾಧ್ಯವಿತ್ತು. ಆದರೆ ಆ ಮಂಡಿಯನ್ನು ಹಗಲಿನಲ್ಲೇ ಕಂಬಿಯ ಬಂಡೆ ಇಳಿಸಬೇಕಿತ್ತು, ಇಳಿಸಲು ಮೂವರೂ ಬೇಕಿತ್ತು. ಗಂಟೆ ಹನ್ನೆರಡೂ ಇಪ್ಪತ್ತೈದು. ಗದಗದ ಗೆಳೆಯ ಗಡಿಯಾರ ನೋಡಲಿಲ್ಲ, ನಮ್ಮ ಮುಖವನ್ನೂ ನೋಡಲಿಲ್ಲ. ಚೀಲ ಇಳಿಸಿ, ಗಂಟು ಹೊರತೆಗೆದ. “ಹಂಗಾದ್ರ ರೊಟ್ಟಿ ಇಲ್ಲೇ ಬಿಚ್ಚೂಣು.”

ತಿಂದೆವು. ಚಟ್ನಿ ತಣ್ಣಗಿತ್ತು, ಖಾರ ಮಾತ್ರ ಬಿಸಿಯಿತ್ತು. ಗೆಳತಿ ಎರಡು ಸಲ “ಛೆ, ನನ್ನಿಂದ” ಎಂದು ಶುರುಮಾಡಿದಳು. ಎರಡು ಸಲವೂ ಅವನು ಅವಳ ತಟ್ಟೆಗೆ ಇನ್ನೊಂದು ಚೂರು ರೊಟ್ಟಿ ಹಾಕಿದ.

ಇಳಿಯುವುದು ಹತ್ತುವುದಕ್ಕಿಂತ ಕಷ್ಟ ಎಂದು ಮಂಡಿ ನೆಟ್ಟಗಿರುವವರೂ ಒಪ್ಪುತ್ತಾರೆ. ಕಂಬಿಯ ಬಂಡೆಯಲ್ಲಿ ಅವಳು ಬಂಡೆಗೆ ಮುಖಮಾಡಿ, ಏಣಿ ಇಳಿಯುವಂತೆ ಇಳಿದಳು. ಕೆಳಗೊಬ್ಬ ನಿಂತು ಅವಳ ಪಾದವನ್ನು ಕೈಯಿಂದ ಹಿಡಿದು ಕಲ್ಲಿನ ಮೇಲೆ ಇಡುತ್ತಿದ್ದ, ಮೇಲೊಬ್ಬ ಅವಳ ಚೀಲ ಹೊತ್ತಿದ್ದ, ನಾನು ಪಕ್ಕದಲ್ಲಿ ಮುಂದಿನ ಮೆಟ್ಟು ಎಲ್ಲಿದೆ ಎಂದು ಹೇಳುತ್ತಿದ್ದೆ. ಬೆಳಿಗ್ಗೆ ಸಲೀಸಾಗಿ ಹತ್ತಿದ ಬಂಡೆಗೆ ಒಂದೂವರೆ ಗಂಟೆ ಹಿಡಿಯಿತು. ಅದೇ ಬಂಡೆ ಕತ್ತಲಲ್ಲಿ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಖಿಂಡಿನ ಕೆಳಗೆ ದಾರಿ ಸಮತಟ್ಟಾದಾಗ ಅವನು ಊರಿಗೆ ಹೋಗುವ ವಿಷಯ ತೆಗೆದ. ಅವನ ತಾಯಿ ಒಬ್ಬರೇ ಇದ್ದಾರೆ. ಪ್ರತಿ ಭಾನುವಾರ ಫೋನಿನಲ್ಲಿ ಅದೇ ಮಾತು: “ನೀ ಬರೂದು ಬ್ಯಾಡ, ನಿನ್ನ ಕೆಲಸ ನೋಡ್ಕೋ. ನಾ ಇಲ್ಲೇ ಆರಾಮ ಅದೀನಿ.” ಹತ್ತು ವರ್ಷ ಆ ಮಾತನ್ನು ಇದ್ದಂತೆಯೇ ತೆಗೆದುಕೊಂಡೆ, ಈ ವರ್ಷ ಹಾಗೆ ಕೇಳಿಸಲಿಲ್ಲ ಎಂದ. ಅಷ್ಟೇ ಹೇಳಿ, ಕಾರ್ವಿ ಕಡ್ಡಿಯೊಂದನ್ನು ಮುರಿದು ಗೆಳತಿಗೆ ಊರುಗೋಲು ಮಾಡಿಕೊಟ್ಟ.

ನಾವು ಹೊರಡುವಾಗ ‘ಹೋಗುತ್ತೇನೆ’ ಎನ್ನುವುದಿಲ್ಲ, ‘ಹೋಗಿ ಬರುತ್ತೇನೆ’ ಎನ್ನುತ್ತೇವೆ. ನೀವು ಚೆನ್ನೈಯಲ್ಲಿದ್ದರೆ ‘ಪೋಯಿಟ್ಟು ವರೇನ್’ ಕೇಳಿರುತ್ತೀರಿ, ಹೈದರಾಬಾದಿನಲ್ಲಿ ‘ವೆಳ್ಳೊಸ್ತಾನು’. ಮರಾಠಿಯವರಂತೂ ಹೋಗುವುದನ್ನು ಪೂರ್ತಿ ಬಿಟ್ಟು ‘ಯೇತೋ’, ಬರುತ್ತೇನೆ, ಎಂದೇ ಹೊರಡುತ್ತಾರೆ. ಊರು ಬಿಟ್ಟು ಬಂದ ನಮ್ಮಂಥವರ ಹಿಂದೆ ಯಾರೋ ಒಬ್ಬರು ‘ನೀವು ಹೋಗಿ ಬನ್ನಿ, ನಾನಿಲ್ಲೇ ಇರ್ತೀನಿ’ ಎಂದು ಬಾಗಿಲಲ್ಲಿ ನಿಂತಿರುತ್ತಾರೆ. ಆ ಮಾತಿನಲ್ಲಿ ನಮ್ಮನ್ನು ಕಟ್ಟಿಹಾಕುವ ಉದ್ದೇಶ ಒಂದಿಷ್ಟೂ ಇರುವುದಿಲ್ಲ. ಬೆಟ್ಟದ ಮೇಲಾದರೆ ಅಂಗಿ ಆರುವುದು, ಹೊತ್ತು ಇಳಿಯುವುದು ಕಣ್ಣಿಗೆ ಕಾಣುತ್ತದೆ, ಮೂವರು ಸೇರಿ ಅರ್ಧ ನಿಮಿಷದಲ್ಲಿ ಬೇಡ ಎನ್ನಬಹುದು. ಬದುಕಿನಲ್ಲಿ ಅಷ್ಟು ಸುಲಭವಾಗಿ ಕಾಣುವುದಿಲ್ಲ. ಎಲ್ಲರೂ ವಾಪಸು ಹೋಗಬೇಕು ಎಂದು ನಾನು ಹೇಳುತ್ತಿಲ್ಲ. ನಾನೇ ಇಲ್ಲಿದ್ದೇನೆ. ಅಮ್ಮ ‘ನಾನು ಆರಾಮಾಗಿದ್ದೀನಿ’ ಎಂದಾಗ ಈಗ ಇನ್ನೊಂದು ಪ್ರಶ್ನೆ ಕೇಳುತ್ತೇನೆ, ಅಷ್ಟೇ: ಬೆಳಿಗ್ಗೆ ಏನು ತಿಂದೆ, ಮೆಟ್ಟಿಲು ಹತ್ತಿದೆಯಾ, ನಿನ್ನೆ ಯಾರು ಬಂದಿದ್ದರು.

ಐದೂ ಮುಕ್ಕಾಲಿಗೆ ಖಿರೇಶ್ವರ ಮುಟ್ಟಿದೆವು. ಜಲಾಶಯದ ಮೇಲೆ ಬೆಳಕು ಇನ್ನೊಂದು ಹದಿನೈದು ನಿಮಿಷಕ್ಕಾಗುವಷ್ಟು ಉಳಿದಿತ್ತು.

ಗೆಳೆಯ ಜನವರಿ ಎರಡನೆಯ ವಾರ ಹೊರಟುಹೋದ. ಈಗ ಗದಗದಲ್ಲಿ ಅಮ್ಮನ ಜೊತೆ ಇದ್ದಾನೆ, ರಜೆ ಸಿಕ್ಕರೆ ಕಪ್ಪತಗುಡ್ಡ ಸುತ್ತುತ್ತಾನೆ. ಗೆಳತಿಯ ಮಂಡಿಗೆ ವ್ಯಾಯಾಮ ನಡೆದಿದೆ. ದಿನಾ ನಾಲ್ಕು ಮಹಡಿ ಹತ್ತಿಳಿದು ಗುಂಪಿಗೆ ಲೆಕ್ಕ ಒಪ್ಪಿಸುತ್ತಾಳೆ. ಬರುವ ಡಿಸೆಂಬರ್‌ನ ಒಂದು ಭಾನುವಾರಕ್ಕೆ ಅವನು ಟಿಕೆಟ್ ಮಾಡಿಸಿದ್ದಾನೆ, ಅಮ್ಮನ ಹತ್ತಿರ ಅಕ್ಕ ಬಂದಿರುತ್ತಾಳಂತೆ. ಎಷ್ಟು ಹೊತ್ತಿಗೆ ಹೊರಡುವುದು ಎಂದು ಇನ್ನೂ ಮಾತಾಡಿಲ್ಲ. ಹನ್ನೆರಡೂವರೆಗೆ ತಿರುಗುವುದು ಎಂದು ಮಾತ್ರ ಬರೆದಿಟ್ಟುಕೊಂಡಿದ್ದೇವೆ.