ಮಡಚಿದ ಮೊಣಕೈ

ಬೇಸಿಗೆ ಬಂತೆಂದರೆ ನಮ್ಮ ಕಡೆ ಟೆನಿಸ್ ಬಾಲ್ ಪಂದ್ಯಗಳ ಸುಗ್ಗಿ. ಸೇಡಂ, ಚಿತ್ತಾಪುರ, ಶಹಾಬಾದ್, ದೂರದ ಚಿಂಚೋಳಿಯಿಂದಲೂ ತಂಡಗಳು ವಾಡಿಗೆ ಬರುತ್ತವೆ. ಆಡುವ ವಯಸ್ಸು ದಾಟಿದ ಮೇಲೆ ನಾವು ಅಂಪೈರ್ ಆದೆವು. ಸಂಬಳವಿಲ್ಲ, ಮಧ್ಯಾಹ್ನ ಊಟ, ಸಂಜೆ ಬೈಗುಳ ಖಾತ್ರಿ.

ಕೆಲವು ವರ್ಷಗಳ ಹಿಂದಿನ ಮಾತು. ಶಹಾಬಾದಿನ ಕಡೆಯಿಂದ ಫರ್ಸಿ ಕಲ್ಲಿನ ಗಣಿಯಲ್ಲಿ ದುಡಿಯುವ ಹುಡುಗನೊಬ್ಬ ಬೌಲಿಂಗಿಗೆ ಬಂದ. ಮೊಣಕೈ ಮಡಚಿಯೇ ಚೆಂಡು ಬಿಡುತ್ತಿದ್ದ. ಎದುರಾಳಿಗಳು 'ಥ್ರೋ, ಥ್ರೋ' ಎಂದು ಕೂಗಿದರು. ಲೆಗ್ ಅಂಪೈರ್ ಆಗಿ ನಿಂತಿದ್ದ ನಾವು ಕೈ ಅಡ್ಡ ಚಾಚಿದೆವು, ನೋಬಾಲ್. ಎಚ್ಚರಿಕೆ ಕೊಟ್ಟೆವು. ಮತ್ತೊಮ್ಮೆ ಕೈ ಚಾಚಿದಾಗ ಅವನ ಬೌಲಿಂಗ್ ಮುಗಿಯಿತು, ತಂಡವೂ ಸೋತಿತು.

ಚಹಾ ಕುಡಿಯುತ್ತ ನಿಂತಿದ್ದಾಗ ಹುಡುಗ ಬಂದು ತೋಳು ಮುಂದೆ ಮಾಡಿದ. 'ಚಾಚಾ, ಸಣ್ಣಾವಿದ್ದಾಗ ಬಿದ್ದು ಮುರದದ. ಇಷ್ಟೇ ನೋಡ್ರಿ, ಇದಕ್ಕಿಂತ ನೆಟ್ಟಗ ಆಗಲ್ಲ.' ನಾವು ಹಿಡಿದು ನೋಡಿದೆವು. ನಿಜವಾಗಿಯೂ ಆಗಲಿಲ್ಲ.

ರಾತ್ರಿ ನಿಯಮ ತೆಗೆದು ಓದಿದೆವು. ಮಡಚಿದ ಕೈ ತಪ್ಪೆಂದು ಅದರಲ್ಲಿ ಎಲ್ಲೂ ಇಲ್ಲ! ಕೈ ಭುಜದ ಮಟ್ಟಕ್ಕೆ ಬಂದ ಕ್ಷಣದಿಂದ ಚೆಂಡು ಬಿಡುವವರೆಗೆ ಮೊಣಕೈ ನೆಟ್ಟಗಾಗುತ್ತ ಹೋದರೆ ಮಾತ್ರ ತಪ್ಪು. 1995ರ ಡಿಸೆಂಬರ್ 26ರಂದು ಮೆಲ್ಬರ್ನ್‌ನಲ್ಲಿ ಡ್ಯಾರೆಲ್ ಹೇರ್ ಮುರಳೀಧರನ್‌ಗೆ ಏಳು ಬಾರಿ ನೋಬಾಲ್ ಕೊಟ್ಟಿದ್ದರು. ಮುರಳಿಯ ಮೊಣಕೈ ಹುಟ್ಟಿನಿಂದಲೇ ಪೂರ್ತಿ ನೆಟ್ಟಗಾಗುತ್ತಿರಲಿಲ್ಲ. 2005ರಲ್ಲಿ ಐಸಿಸಿ 15 ಡಿಗ್ರಿಯ ಮಿತಿ ಹಾಕಿತು. ಅದನ್ನು ಅಳೆಯಲು ಪ್ರಯೋಗಾಲಯ ಬೇಕು. ವಾಡಿಯ ಬಿಸಿಲಲ್ಲಿ ನಮಗಿರುವುದು ಎರಡು ಕಣ್ಣು, ಅವೂ ಚಾಳೀಸು ಬಂದವು.

ಅಮೆರಿಕದ ಬೇಸ್‌ಬಾಲ್‌ನಲ್ಲಿ ಬಾಲ್ಕ್ ಎಂಬುದೊಂದಿದೆ. ಓಟಗಾರ ನೆಲೆಯಲ್ಲಿರುವಾಗ ಚೆಂಡೆಸೆಯುವವನು ಎಸೆತ ಶುರುಮಾಡಿ ಅರ್ಧಕ್ಕೆ ನಿಲ್ಲಿಸಿದರೆ ಓಟಗಾರರೆಲ್ಲ ಒಂದೊಂದು ನೆಲೆ ಮುಂದೆ ಹೋಗುತ್ತಾರೆ. ಅಲ್ಲಿಯೂ ಅಂಪೈರ್‌ಗಳು ಕ್ಷಣಮಾತ್ರದ ಅಲುಗಾಟ ನೋಡಿಯೇ ತೀರ್ಪು ಕೊಡಬೇಕು, ಜಗಳವೂ ತಪ್ಪಿದ್ದಲ್ಲ. ಆದರೆ ನಾವು ಅಂದು ನೋಡಿದ್ದು ಅಲುಗಾಟವನ್ನಲ್ಲ, ಆಕಾರವನ್ನು. ಅದಕ್ಕಿಂತ ಹೆಚ್ಚಾಗಿ, ಕೂಗನ್ನು ಕೇಳಿದ್ದೆವು.

ಮುಂದಿನ ಪಂದ್ಯಾವಳಿಯಲ್ಲಿ ಎರಡೂ ತಂಡಗಳ ನಾಯಕರನ್ನು ಕರೆದು, ಹುಡುಗನ ತೋಳು ಹಿಡಿಸಿ ತೋರಿಸಿ, 'ತಪ್ಪು ನಮ್ಮದಿತ್ತು' ಎಂದೆವು. ಒಬ್ಬ ನಾಯಕ ಮುಖ ತಿರುಗಿಸಿದ. ಹುಡುಗ ಬೌಲಿಂಗ್ ಶುರುಮಾಡಿದ, ಮತ್ತೆ 'ಥ್ರೋ' ಎಂಬ ಕೂಗೆದ್ದಿತು. ನಾವು ಕೈಗಳನ್ನು ಹಿಂದೆ ಕಟ್ಟಿಕೊಂಡು ಅವನ ಮೊಣಕೈಯನ್ನೇ ನೋಡುತ್ತ ನಿಂತೆವು.