ಗಣಿ ಮುಚ್ಚಿತು, ಕುಲುಮೆ ಆರಲಿಲ್ಲ

ಟೋಕಿಯೊದಿಂದ ಉತ್ತರಕ್ಕೆ ಹೊರಡುವ ಶಿಂಕಾನ್‌ಸೆನ್ ರೈಲು ಎರಡು ಗಂಟೆ ಚಿಲ್ಲರೆಯಲ್ಲಿ ಮೊರಿಯೊಕ ನಗರವನ್ನು ಮುಟ್ಟಿಸುತ್ತದೆ. ಅಲ್ಲಿಂದ ರಸ್ತೆ ಹಿಡಿದು, ಗುಡ್ಡ ಕಣಿವೆಗಳನ್ನು ದಾಟಿ ಇನ್ನಷ್ಟು ಉತ್ತರಕ್ಕೆ ಹೋದರೆ ಅಕಿತ ಪ್ರಾಂತದ ಈಶಾನ್ಯ ಮೂಲೆಯಲ್ಲಿ ಕೊಸಾಕ ಎಂಬ ಪಟ್ಟಣ ಸಿಗುತ್ತದೆ. ಜನಸಂಖ್ಯೆ 5,000ಕ್ಕೂ ಕಡಿಮೆ. ಜ್ವಾಲಾಮುಖಿಯ ಬಾಯಲ್ಲಿ ನೀರು ನಿಂತು ಉಂಟಾದ ತೊವಾದ ಸರೋವರವನ್ನು ನೋಡಲು ಹೋಗುವ ಪ್ರವಾಸಿಗಳು ಈ ಊರನ್ನು ಹಾದೇ ಹೋಗುತ್ತಾರೆ. ಇಲ್ಲಿ ಇಳಿಯುವವರು ಕಡಿಮೆ.

ಇಳಿದವರಿಗೆ ಮೊದಲು ಕಾಣುವುದು ಮರಗಳು. ಜೂನ್ ತಿಂಗಳಲ್ಲಿ ಊರಿನ ಮುಖ್ಯ ಬೀದಿಯ ಇಕ್ಕೆಲದಲ್ಲೂ, ಸುತ್ತಣ ಗುಡ್ಡಗಳ ಮೇಲೂ ಬಿಳಿಯ ಹೂಗೊಂಚಲು ಜೋತುಬೀಳುತ್ತದೆ. ಊರವರು ಇದನ್ನು ಅಕೇಶಿಯ ಎನ್ನುತ್ತಾರೆ, ಅದರ ಹೆಸರಿನಲ್ಲಿ ಹಬ್ಬ ಮಾಡುತ್ತಾರೆ, ಜೇನುತುಪ್ಪ ಮಾರುತ್ತಾರೆ. ಮಲೆನಾಡಿನವರು ಹುಬ್ಬು ಗಂಟಿಕ್ಕಬೇಕಾಗಿಲ್ಲ. ಇದು ನಮ್ಮ ನೆಡುತೋಪುಗಳ ಅಕೇಶಿಯ ಅಲ್ಲ. ಅಮೆರಿಕ ಮೂಲದ ರೊಬಿನಿಯಾ ಎಂಬ ಬೇರೆಯೇ ಮರ. ಇಷ್ಟೊಂದು ಸಂಖ್ಯೆಯಲ್ಲಿ ಅದು ಇಲ್ಲಿರುವುದಕ್ಕೆ ಕಾರಣವೇನೋ ಅಷ್ಟು ಸುಗಂಧದ್ದಲ್ಲ. ಒಂದು ಕಾಲದಲ್ಲಿ ಇಲ್ಲಿನ ಲೋಹದ ಕುಲುಮೆಗಳು ಉಗುಳಿದ ಗಂಧಕದ ಹೊಗೆಗೆ ಗುಡ್ಡಗಳೆಲ್ಲ ಬೋಳಾಗಿದ್ದವು, ರೈತರ ಬೆಳೆ ಸುಟ್ಟುಹೋಗಿತ್ತು. ಆ ವಿಷದ ನೆಲದಲ್ಲೂ ಬದುಕಿಕೊಂಡ ಮರ ಇದೊಂದೇ ಎನ್ನುವಂತಾದಾಗ ಅದನ್ನೇ ಸಾಲುಸಾಲಾಗಿ ನೆಟ್ಟರು.

ಅದೇ ಬೀದಿಯಲ್ಲಿ 1905ರಲ್ಲಿ ಕಟ್ಟಿದ ಗಣಿ ಕಚೇರಿಯಿದೆ. ಮೂರಂತಸ್ತಿನ ಬಿಳಿಯ ಮರದ ಕಟ್ಟಡ, ಒಳಗೆ ಸುರುಳಿ ಮೆಟ್ಟಿಲು. ಇಂಥ ಹಳ್ಳಿಗಾಡಿನಲ್ಲಿ ಯೂರೋಪಿನ ಅರಮನೆಯಂಥದೊಂದು ಏಕೆ ಬಂತು ಎಂದು ಯಾರಿಗೂ ಬೆರಗಾದೀತು. ಸ್ವಲ್ಪ ದೂರದಲ್ಲಿ 1910ರ ನಾಟಕ ಶಾಲೆ ಕೋರಕುಕಾನ್. ಹೊರಗಿನಿಂದ ಅಮೆರಿಕದ ಮರದ ಮನೆ, ಒಳಗೆ ಅಪ್ಪಟ ಜಪಾನೀ ಕಬುಕಿ ರಂಗ. ರಂಗದ ನಡುಭಾಗ ತಿರುಗುತ್ತದೆ. ಅದಕ್ಕೆ ಮೋಟಾರು ಇಲ್ಲ, ನೆಲಮಾಳಿಗೆಯಲ್ಲಿ ಆಳುಗಳು ತಳ್ಳಿ ತಿರುಗಿಸಬೇಕು. ಗಣಿ ಕೆಲಸಗಾರರ ಮನರಂಜನೆಗೆಂದು ಕಟ್ಟಿದ ರಂಗಮಂದಿರವಿದು.

ಈ ಸಿರಿಯೆಲ್ಲ ನೆಲದಡಿಯಿಂದ ಬಂದದ್ದು. 1861ರಲ್ಲಿ ಇಲ್ಲಿ ಅದಿರು ಪತ್ತೆಯಾಯಿತು. ಆಮೇಲೆ ಬಂದ ಮೇಜಿ ಸರ್ಕಾರ ಗಣಿಯನ್ನು ತನ್ನ ವಶಕ್ಕೆ ತೆಗೆದುಕೊಂಡು, ಕುರ್ಟ್ ನೆಟ್ಟೊ ಎಂಬ ಜರ್ಮನ್ ತಜ್ಞನನ್ನು ಕರೆಸಿ ಬೆಳ್ಳಿ ತೆಗೆಸಿತು. 1884ರಲ್ಲಿ ಗಣಿಯನ್ನು ಫುಜಿತ ಎಂಬ ಖಾಸಗಿ ಸಂಸ್ಥೆಗೆ ಮಾರಲಾಯಿತು. ಇಂದಿನ ದೋವಾ ಕಂಪನಿ ಅದರದೇ ಸಂತಾನ. ಮೇಲ್ಪದರದ ಬೆಳ್ಳಿ ಮುಗಿಯುತ್ತ ಬಂದಾಗ ಉಳಿದದ್ದು ಕುರೊಕೊ, ಎಂದರೆ ಕಪ್ಪು ಅದಿರು. ತಾಮ್ರ, ಸೀಸ, ಸತು, ಬೆಳ್ಳಿ, ಚಿನ್ನ ಎಲ್ಲವೂ ಅದರಲ್ಲಿವೆ, ಆದರೆ ಒಂದರೊಳಗೊಂದು ಹೆಣೆದುಕೊಂಡಿವೆ. ಗೋಣಿಯಲ್ಲಿ ರಾಗಿ, ಸಾಸಿವೆ, ಎಳ್ಳು ಬೆರೆತುಹೋದಂತೆ. ಯಾರಿಗೂ ಬೇಡವಾಗಿದ್ದ ಈ ಅದಿರನ್ನು ಕರಗಿಸಿ ಬೇರ್ಪಡಿಸುವ ವಿಧಾನ 20ನೆಯ ಶತಮಾನದ ಹೊಸ್ತಿಲಲ್ಲಿ, ಕುಹಾರ ಫುಸನೊಸುಕೆ ಎಂಬಾತನ ನೇತೃತ್ವದಲ್ಲಿ ಇಲ್ಲಿಯೇ ಸಿದ್ಧಿಸಿತು. ಊರು ಕೈಬಿಡಬೇಕಾಗಿದ್ದ ಗಣಿ ಜಪಾನಿನ ದೊಡ್ಡ ಗಣಿಗಳ ಸಾಲಿಗೆ ಸೇರಿತು. ಬೆರೆತದ್ದನ್ನು ಬಿಡಿಸುವ ಈ ವಿದ್ಯೆಯೇ ಮುಂದೆ ಕೊಸಾಕವನ್ನು ಕಾಯ್ದದ್ದು.

ಅದೇ ಕಾಲಕ್ಕೆ ಇನ್ನೊಂದು ಸ್ವಾರಸ್ಯಕರ ಸಂಗತಿ ನಡೆಯಿತು. 1900ರಲ್ಲಿ ಟೋಕಿಯೊ ವಿಶ್ವವಿದ್ಯಾಲಯದಿಂದ ವಿದ್ಯುತ್ ಎಂಜಿನಿಯರಿಂಗ್ ಮುಗಿಸಿದ ಒದೈರ ನಮಿಹೆಯ್ ಎಂಬ ತರುಣ ಕೊಸಾಕದ ಗಣಿಗೆ ಕೆಲಸಕ್ಕೆ ಸೇರಿದ. ಗಣಿಗೆ ಜಲವಿದ್ಯುತ್ ಒದಗಿಸುವುದು ಅವನ ಕೆಲಸ. ಕೋಲಾರದ ಚಿನ್ನದ ಗಣಿಗೆಂದು 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಹರಿದ ಕಾಲವೂ ಅದೇ. ಕೆಲವು ವರ್ಷಗಳ ತರುವಾಯ ಒದೈರ, ಕುಹಾರನ ಹೊಸ ಗಣಿಯಾದ ಹಿಟಾಚಿಗೆ ಹೋದ. ಅಲ್ಲಿ ಗಣಿಯಂತ್ರಗಳ ದುರಸ್ತಿಗಿದ್ದ ಕಮ್ಮಟದಲ್ಲಿ 1910ರಲ್ಲಿ ಐದು ಅಶ್ವಶಕ್ತಿಯ ಮೋಟಾರು ತಯಾರಿಸಿದ. ಟಿ.ವಿ., ಫ್ರಿಜ್, ಕಂಪ್ಯೂಟರುಗಳಿಂದ ಹೆಸರಾದ ಹಿಟಾಚಿ ಕಂಪನಿ ಹುಟ್ಟಿದ್ದು ಹಾಗೆ, ಒಂದು ದುರಸ್ತಿ ಅಂಗಡಿಯಿಂದ.

ಕೊಸಾಕದ ಗಣಿ 1990ರಲ್ಲಿ ಮುಚ್ಚಿತು. ಗಣಿ ಮುಚ್ಚಿದ ಊರಿನ ಗತಿ ಏನೆಂದು ಕನ್ನಡ ಓದುಗರಿಗೆ ವಿವರಿಸಬೇಕಾಗಿಲ್ಲ. 2001ರ ಫೆಬ್ರವರಿ 28ರಂದು ಕೆ.ಜಿ.ಎಫ್. ಗಣಿ ನಿಂತ ಮೇಲೆ, ಅಲ್ಲಿನ ಜನ ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುತ್ತಿರುವುದನ್ನು ಎಲ್ಲರೂ ಬಲ್ಲರು. ಕೊಸಾಕದಲ್ಲಿ ಗಣಿ ನಿಂತರೂ ಕುಲುಮೆ ನಿಲ್ಲಲಿಲ್ಲ. ಕೆಲವು ಕಾಲ ಹೊರಗಿನ ಅದಿರನ್ನು ತರಿಸಿ ಕರಗಿಸಿದರು. ಆಮೇಲೆ, 2008ರ ಹೊತ್ತಿಗೆ, ಅದಿರಿಗೆ ಬದಲು ಗುಜರಿಯನ್ನೇ ತಿನ್ನುವ ಹೊಸ ಕುಲುಮೆ ಹೂಡಿದರು. ಹಳೆಯ ಮೊಬೈಲು, ಕಂಪ್ಯೂಟರು, ಟಿ.ವಿ.ಗಳ ಸರ್ಕಿಟ್ ಹಲಗೆಗಳೇ ಈಗಿನ ಅದಿರು. ಸರ್ಕಿಟ್ ಹಲಗೆಯೆಂದರೆ ಮನುಷ್ಯ ಮಾಡಿದ ಕುರೊಕೊ. ಹತ್ತಾರು ಲೋಹ ಒಂದರೊಳಗೊಂದು.

ಈ ಬದಲಾವಣೆಗೆ ಊರಿನ ರೈಲು ಬಲಿಯಾಯಿತು. ಇದರ ಹಿಂದಿನ ರಸಾಯನಶಾಸ್ತ್ರ ವಿದ್ಯಾರ್ಥಿಗಳಿಗೆ ರುಚಿಸೀತು. ಕುರೊಕೊ ಒಂದು ಸಲ್ಫೈಡ್ ಅದಿರು. ಅದನ್ನು ಹುರಿದಾಗ ಹೊರಡುವ ಗಂಧಕದ ಡೈ ಆಕ್ಸೈಡನ್ನು ಹಿಡಿದು ಗಂಧಕಾಮ್ಲ ಮಾಡುತ್ತಿದ್ದರು, ಟ್ಯಾಂಕುಗಳಲ್ಲಿ ತುಂಬಿ ರೈಲಿನಲ್ಲಿ ಕಳಿಸುತ್ತಿದ್ದರು. ಮೊಬೈಲಿನಲ್ಲಿ ಗಂಧಕವೆಲ್ಲಿ? ಆಮ್ಲದ ಸಾಗಣೆ ನಿಂತಿತು. ಪ್ರಯಾಣಿಕರ ಗಾಡಿ ಮೊದಲೇ 1994ರಲ್ಲಿ ನಿಂತಿತ್ತು. 2009ರಲ್ಲಿ ರೈಲುಮಾರ್ಗವೇ ಮುಚ್ಚಿತು. ಹಳೆಯ ನಿಲ್ದಾಣ ಈಗ ಮಕ್ಕಳು ನೋಡುವ ರೈಲು ಉದ್ಯಾನ.

ಗುಜರಿಯನ್ನು ಗಣಿಯೆಂದು ಕರೆಯುವುದು ಕವಿಕಲ್ಪನೆಯಲ್ಲ. ತೊಹೊಕು ವಿಶ್ವವಿದ್ಯಾಲಯದ ಪ್ರಾಧ್ಯಾಪಕ ನಾನ್‌ಜೊ ಮಿಚಿಯೊ 1988ರಲ್ಲೇ 'ನಗರ ಗಣಿ' ಎಂಬ ಮಾತನ್ನು ಬಳಕೆಗೆ ತಂದರು. ಕೋಲಾರದಲ್ಲಿ ಕೊನೆಗಾಲಕ್ಕೆ ಒಂದು ಟನ್ ಕಲ್ಲು ಒಡೆದರೆ ಸಿಗುತ್ತಿದ್ದದ್ದು ಕೆಲವೇ ಗ್ರಾಂ ಚಿನ್ನ. ಒಂದು ಟನ್ ಹಳೆಯ ಮೊಬೈಲುಗಳಲ್ಲಿ 200 ಗ್ರಾಮಿಗೂ ಹೆಚ್ಚು ಇರುತ್ತದೆ, ಅದೂ ನೆಲದಡಿ ಮೂರು ಕಿಲೋಮೀಟರ್ ಇಳಿಯದೆ! ಜಪಾನಿನ ರಾಷ್ಟ್ರೀಯ ವಸ್ತುವಿಜ್ಞಾನ ಸಂಸ್ಥೆ 2008ರಲ್ಲಿ ಹಾಕಿದ ಅಂದಾಜಿನಂತೆ ಆ ದೇಶದ ಉಪಕರಣಗಳಲ್ಲಿ ಅಡಗಿದ್ದ ಚಿನ್ನ ಸುಮಾರು 6,800 ಟನ್. ಟೋಕಿಯೊ ಒಲಿಂಪಿಕ್ಸಿನ ಪದಕಗಳಿಗಾಗಿ 2017ರಿಂದ 2019ರವರೆಗೆ ಜನರಿಂದ ಹಳೆಯ ಉಪಕರಣ ಬೇಡಿದಾಗ ಬಂದದ್ದು 78,985 ಟನ್. ಮೊಬೈಲುಗಳೇ 62 ಲಕ್ಷ. ಅದರಿಂದ 32 ಕಿಲೋ ಚಿನ್ನ, 3,500 ಕಿಲೋ ಬೆಳ್ಳಿ, 2,200 ಕಿಲೋ ಕಂಚು ತೆಗೆದರು. 2021ರಲ್ಲಿ ನೀರಜ್ ಚೋಪ್ರಾ ಕೊರಳಿಗೆ ಬಿದ್ದ ಚಿನ್ನದ ಪದಕವೂ ಅದರದ್ದೇ.

ಕೊಸಾಕದ ಕುಲುಮೆಯೊಳಗೆ ನಡೆಯುವುದರ ಅರ್ಧ ಭಾಗ ಹತ್ತನೆಯ ತರಗತಿಯ ಪುಸ್ತಕದಲ್ಲಿದೆ. ಮೇಲಿನಿಂದ ಒಂದು ಉದ್ದ ಕೊಳವೆ ಕರಗಿದ ಕಿಟ್ಟದೊಳಗೆ ಇಳಿದು ಗಾಳಿ ಮತ್ತು ಇಂಧನ ಊದುತ್ತದೆ. ಸುಮಾರು 1,300 ಡಿಗ್ರಿ ಶಾಖದಲ್ಲಿ ಹಲಗೆಯ ಪ್ಲಾಸ್ಟಿಕ್ ಉರಿದುಹೋಗುತ್ತದೆ, ತಾಮ್ರ ಕರಗುತ್ತದೆ. ಚಿನ್ನ, ಬೆಳ್ಳಿ, ಪಲ್ಲಾಡಿಯಂಗಳು ಆಮ್ಲಜನಕಕ್ಕೆ ಸುಲಭವಾಗಿ ಒಲಿಯದೆ ತಾಮ್ರದಲ್ಲೇ ಕರಗಿ ಅದರ ಜತೆ ಉಳಿಯುತ್ತವೆ. ಆ ತಾಮ್ರವನ್ನು ಆನೋಡ್ ಮಾಡಿ ವಿದ್ಯುದ್ವಿಭಜನೆ ನಡೆಸಿದರೆ ಶುದ್ಧ ತಾಮ್ರ ಕ್ಯಾಥೋಡಿಗೆ ಸೇರುತ್ತದೆ, ಚಿನ್ನ ಬೆಳ್ಳಿಗಳು ತಳಕ್ಕೆ ಕೆಸರಾಗಿ ಬೀಳುತ್ತವೆ. ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಕೇಳುವ ಆನೋಡ್ ಮಡ್ಡಿ ಇದೇ. ಹೀಗೆ ಇಲ್ಲಿ ಸುಮಾರು 20 ಬಗೆಯ ಮೂಲವಸ್ತುಗಳನ್ನು ತೆಗೆಯುತ್ತಾರೆ.

ಇನ್ನರ್ಧ ಭಾಗವೂ ಪುಸ್ತಕದಲ್ಲಿದೆ. ಆದರೆ ಅದನ್ನು ಯಾರೂ ಈ ದೃಷ್ಟಿಯಿಂದ ಓದುವುದಿಲ್ಲ. ಕ್ರಿಯಾಶೀಲತಾ ಸರಣಿಯ ಮೇಲ್ತುದಿಯ ಅಲ್ಯೂಮಿನಿಯಮ್ ಕುಲುಮೆಗೆ ಬಿದ್ದ ಕೂಡಲೇ ಆಕ್ಸೈಡಾಗಿ ಕಿಟ್ಟಕ್ಕೆ ಸೇರಿಬಿಡುತ್ತದೆ. ಕೆಪಾಸಿಟರಿನ ಟಾಂಟಲಮ್, ಮೊಬೈಲನ್ನು ನಡುಗಿಸುವ ಪುಟ್ಟ ಮೋಟಾರಿನ ಹಾಗೂ ಸ್ಪೀಕರಿನ ಅಯಸ್ಕಾಂತದಲ್ಲಿರುವ ನಿಯೋಡಿಮಿಯಮ್ ಕೂಡ ಅದೇ ದಾರಿ ಹಿಡಿಯುತ್ತವೆ. ಎಷ್ಟೇ ಜಾಣ ಕುಲುಮೆಯಾದರೂ ಈ ನಿಯಮ ಮೀರಲಾರದು. ಇದಕ್ಕೂ ದೊಡ್ಡ ನಷ್ಟ ಇನ್ನೊಂದಿದೆ. ಹಳೆಯ ಜರಿಸೀರೆ ಕೊಳ್ಳುವವರು ಬೀದಿಬೀದಿ ಕೂಗಿಕೊಂಡು ಬರುತ್ತಿದ್ದುದು ಹಿರಿಯರಿಗೆ ನೆನಪಿದೆ. ಸೀರೆಯನ್ನು ಸುಟ್ಟರೆ ಜರಿಯ ಬೆಳ್ಳಿ ಸಿಗುತ್ತದೆ ನಿಜ, ನೇಯ್ಗೆ ಹೋಯಿತಲ್ಲ! ಚೆನ್ನಾಗಿ ಓಡುವ ಚಿಪ್ ಇರುವ ಫೋನನ್ನು ಬ್ಯಾಟರಿ ಸತ್ತಿತೆಂದು ಕುಲುಮೆಗೆ ಹಾಕುವುದು ಅಂಥದೇ ಕೆಲಸ. ಕುಲುಮೆ ಕೊನೆಯ ಮೆಟ್ಟಿಲಾಗಬೇಕು, ಮೊದಲನೆಯದಲ್ಲ.

ಮೊದಲ ಮೆಟ್ಟಿಲು ಇರುವುದು ತಯಾರಕನ ನಕ್ಷೆಯ ಮೇಜಿನ ಮೇಲೆ. ವಸ್ತುವನ್ನು ತೆಗೆ, ಮಾಡು, ಎಸೆ ಎಂಬ ನೇರ ಗೆರೆಯನ್ನು ಬಾಗಿಸಿ ತುದಿಯನ್ನು ಮೊದಲಿಗೇ ಕೂಡಿಸುವುದಕ್ಕೆ ಈಗ ವರ್ತುಲ ಅರ್ಥವ್ಯವಸ್ಥೆ ಎಂಬ ಹೆಸರಿದೆ. ಜಪಾನ್ ಅದನ್ನು ಕಾಯಿದೆಯ ಬಲದಿಂದ ಆರಂಭಿಸಿತು. 2001ರ ಏಪ್ರಿಲಿನಿಂದ ಟಿ.ವಿ., ಫ್ರಿಜ್, ಬಟ್ಟೆ ಒಗೆಯುವ ಯಂತ್ರ, ಹವಾನಿಯಂತ್ರಕ ಈ ನಾಲ್ಕನ್ನು ತಯಾರಕರೇ ಹಿಂದಕ್ಕೆ ಪಡೆದು ಮರುಬಳಕೆಗೆ ಒಪ್ಪಿಸಬೇಕಾಯಿತು. ಒಗೆಯುವ ಯಂತ್ರದ ತೂಕದಲ್ಲಿ ಶೇ 50 ಭಾಗ ಮರಳಿ ಬಳಕೆಯಾಗಬೇಕೆಂದು ಮೊದಲಿದ್ದ ನಿಯಮ 2015ರಲ್ಲಿ ಶೇ 82ಕ್ಕೆ ಏರಿತು. ತಾನು ಮಾಡಿದ್ದನ್ನು ತಾನೇ ಬಿಚ್ಚಬೇಕೆಂದಾಗ ತಯಾರಕನ ಬುದ್ಧಿ ಬೇರೆ ರೀತಿ ಓಡುತ್ತದೆ. ಹತ್ತು ಬಗೆಯ ಪ್ಲಾಸ್ಟಿಕ್ ಇದ್ದಲ್ಲಿ ಎರಡು ಮೂರು ಸಾಕೆನಿಸುತ್ತದೆ, ಪ್ರತಿ ಭಾಗದ ಮೇಲೆ ಅದು ಯಾವ ಪ್ಲಾಸ್ಟಿಕ್ ಎಂದು ಅಚ್ಚೊತ್ತಬೇಕೆನಿಸುತ್ತದೆ, ತಿರುಪುಗಳು ಕಡಿಮೆಯಾಗುತ್ತವೆ. ಶಾರ್ಪ್ ಕಂಪನಿ 2001ರಿಂದಲೇ ಹಳೆಯ ಒಗೆಯುವ ಯಂತ್ರದ ಪ್ಲಾಸ್ಟಿಕ್ಕನ್ನು ಹೊಸ ಯಂತ್ರಕ್ಕೆ ಬಳಸತೊಡಗಿತು. ಕಾಯಿದೆಯಲ್ಲಿ ಹುಳುಕೂ ಇದೆ. ಶುಲ್ಕವನ್ನು ಗ್ರಾಹಕ ಬಿಸಾಡುವಾಗ ಕಟ್ಟಬೇಕು, ಹೀಗಾಗಿ ಕತ್ತಲಲ್ಲಿ ಹಳ್ಳಕ್ಕೆ ಫ್ರಿಜ್ ಉರುಳಿಸಿ ಹೋಗುವವರು ಅಲ್ಲಿಯೂ ಹುಟ್ಟಿಕೊಂಡರು. ಕೊಳ್ಳುವಾಗಲೇ ಬೆಲೆಯಲ್ಲಿ ಸೇರಿಸಿದ್ದರೆ ಜಾಣತನವಾಗುತ್ತಿತ್ತು.

ಕಿಟ್ಟದಲ್ಲಿ ಕಳೆದುಹೋಗುವ ನಿಯೋಡಿಮಿಯಮ್‌ಗೆ ದಾರಿ ಹುಡುಕಿದವರಲ್ಲಿ ಹಿಟಾಚಿಯೂ ಒಂದು. 2010ರಲ್ಲಿ ಚೀನಾದಿಂದ ವಿರಳ ಭಸ್ಮ ಲೋಹಗಳ ಪೂರೈಕೆಗೆ ಅಡಚಣೆಯಾದಾಗ ಜಪಾನಿನ ಕಾರ್ಖಾನೆಗಳು ಬೆಚ್ಚಿಬಿದ್ದವು. ಆ ವರ್ಷದ ಡಿಸೆಂಬರಿನಲ್ಲಿ ಹಿಟಾಚಿ ಒಂದು ಯಂತ್ರವನ್ನು ಪ್ರಕಟಿಸಿತು. ಕಂಪ್ಯೂಟರಿನ ಹಾರ್ಡ್ ಡಿಸ್ಕುಗಳನ್ನು ಪೀಪಾಯಿಗೆ ಹಾಕಿ ಉರುಳಿಸಿದರೆ ಹೊಡೆತಕ್ಕೆ ತಿರುಪುಗಳು ಸಡಿಲಗೊಂಡು ಅಯಸ್ಕಾಂತ ಹೊರಬೀಳುತ್ತದೆ. ಕೈಯಲ್ಲಿ ಬಿಚ್ಚಿದರೆ ಗಂಟೆಗೆ ಸುಮಾರು 12, ಯಂತ್ರದಲ್ಲಿ ಸುಮಾರು 100. ಉಪಾಯ ಬಲು ಸರಳ. ಆದರೆ ಒಂದು ಮಾತು: ಅದು ಸಾಧ್ಯವಾದದ್ದು ಆ ಡಿಸ್ಕಿನಲ್ಲಿ ತಿರುಪು ಇದ್ದುದರಿಂದ. ಅಂಟು ಇದ್ದಿದ್ದರೆ?

ಮೊಬೈಲಿನಲ್ಲಿ ಆಗಿರುವುದು ಅದೇ. ಉಗುರಿನಿಂದ ಹಿಂದಿನ ಮುಚ್ಚಳ ತೆಗೆದು ಬ್ಯಾಟರಿ ಬದಲಿಸುವ ಕಾಲವಿತ್ತು. ಆಮೇಲೆ ತೆಳುವಾಗಬೇಕು, ನೀರು ಹೋಗಬಾರದು ಎಂಬ ಕಾರಣ ಹೇಳಿ ತಯಾರಕರು ಎಲ್ಲವನ್ನೂ ಅಂಟಿಸಿಬಿಟ್ಟರು. ಗುಜರಿ ಬಿಡಿಸುವವನ ಉಳಿ ಅಂಟಿದ ಲಿಥಿಯಂ ಬ್ಯಾಟರಿಗೆ ತಗುಲಿದರೆ ಬೆಂಕಿಯೇ ಗತಿ. ಆಮ್‌ಸ್ಟರ್‌ಡ್ಯಾಮಿನ ಫೇರ್‌ಫೋನ್ ಎಂಬ ಸಣ್ಣ ಕಂಪನಿ 2015ರಿಂದ ಬಿಡಿಭಾಗಗಳನ್ನು ಬಳಸುವವನೇ ಬದಲಿಸಬಹುದಾದ ಫೋನು ಮಾಡಿ ತೋರಿಸಿದೆ. ದೊಡ್ಡವರಿಗೆ ಆಗದು ಎನ್ನುವ ಮಾತಿಗೆ ಅರ್ಥವಿಲ್ಲ. ಅವರಿಗೆ ಲಾಭವಿಲ್ಲ, ಅಷ್ಟೇ. ಯೂರೋಪು 2023ರ ಬ್ಯಾಟರಿ ನಿಯಮದಲ್ಲಿ, 2027ರ ಫೆಬ್ರವರಿ 18ರಿಂದ ಸಣ್ಣ ಉಪಕರಣಗಳ ಬ್ಯಾಟರಿಯನ್ನು ಕೆಲವು ವಿನಾಯಿತಿ ಬಿಟ್ಟು ಬಳಕೆದಾರನೇ ತೆಗೆಯುವಂತಿರಬೇಕೆಂದು ಗೊತ್ತುಮಾಡಿದೆ.

ಭಾರತದಲ್ಲೂ 2012ರ ಮೇ ತಿಂಗಳಿನಿಂದ ತಯಾರಕರ ಮೇಲೆ ಈ ಹೊಣೆಯಿದೆ. 2023ರ ಏಪ್ರಿಲಿನಿಂದ ಜಾರಿಯಾದ ಹೊಸ ನಿಯಮದಲ್ಲಿ ಅವರು ಮರುಬಳಕೆಗೆ ಒಪ್ಪಿಸಬೇಕಾದ ಪಾಲು ಶೇ 60ರಿಂದ ಆರಂಭವಾಗಿ 2027–28ಕ್ಕೆ ಶೇ 80 ಮುಟ್ಟಬೇಕು. ಲೆಕ್ಕಕ್ಕೆ ಮೊದಲು ಹಿಡಿದದ್ದು ಚಿನ್ನ, ತಾಮ್ರ, ಕಬ್ಬಿಣ, ಅಲ್ಯೂಮಿನಿಯಮ್ ಈ ನಾಲ್ಕನ್ನು. ಟಾಂಟಲಮ್, ನಿಯೋಡಿಮಿಯಮ್ ಆ ಪಟ್ಟಿಯಲ್ಲಿರಲಿಲ್ಲ. 2022ರಲ್ಲಿ ಇಡೀ ಜಗತ್ತು ಎಸೆದ ವಿದ್ಯುನ್ಮಾನ ತ್ಯಾಜ್ಯ 6.2 ಕೋಟಿ ಟನ್ನು. ಅದರಲ್ಲಿ ಸರಿಯಾಗಿ ಸಂಗ್ರಹವಾಗಿ ಸಂಸ್ಕರಣೆಯಾದದ್ದೆಂದು ದಾಖಲೆಯಿರುವುದು ಶೇ 22.3 ಮಾತ್ರ ಎಂದು ವಿಶ್ವಸಂಸ್ಥೆಯ ವರದಿ ಹೇಳುತ್ತದೆ. ಉಳಿದದ್ದರಲ್ಲಿ ಬಹುಪಾಲು ಹೂತುಹೋಗುತ್ತದೆ, ಇಲ್ಲವೆ ಬಡವರ ಮಕ್ಕಳು ಆಡುವ ಗಲ್ಲಿಗಳಲ್ಲಿ ಬಯಲು ಬೆಂಕಿಯಲ್ಲಿ ಉರಿಯುತ್ತದೆ. ಆ ಹೊಗೆಗೆ ತಡೆದು ನಿಲ್ಲುವ ಅಕೇಶಿಯ ಇಲ್ಲ.

ಕೊಸಾಕದ ಕುಲುಮೆಗೆ ಇಂದು ಬೀಳುವ ಹಲಗೆಗಳನ್ನು ಯಾರೋ ನಕ್ಷೆ ಹಾಕಿದ್ದು ಹತ್ತು ಹದಿನೈದು ವರ್ಷಗಳ ಹಿಂದೆ ಇರಬಹುದು. 2027ರಲ್ಲಿ ಯೂರೋಪಿನ ಅಂಗಡಿಗೆ ಬರುವ, ಬಿಚ್ಚಲು ಬರುವ ಫೋನುಗಳು ಮುದಿಯಾಗಿ ಇಂಥ ಕುಲುಮೆಗಳ ಬಾಗಿಲಿಗೆ ಬರುವ ಹೊತ್ತಿಗೆ ಈಗ ಏಳನೆಯ ತರಗತಿಯಲ್ಲಿರುವ ಮಕ್ಕಳು ಎಂಜಿನಿಯರುಗಳಾಗಿರುತ್ತಾರೆ. ಅಷ್ಟರವರೆಗೆ ಅಂಟು ಹಚ್ಚಿದ ಫೋನುಗಳೇ ಬರುತ್ತಿರುತ್ತವೆ.