ಎಂಟು ಹಾಡು, ಮೂರು ಊರು

ಹಳೇ ಫೋನನ್ನು ಗುಜರಿಗೆ ಹಾಕುವ ಮುಂಚೆ ಅದರೊಳಗಿದ್ದ ಮೆಮೊರಿ ಕಾರ್ಡ್ ತೆಗೆದು ನೋಡಿದೆವು. ಯಾವುದೋ ಮದುವೆಯ ಫೋಟೋ, ಕಾವೇರಿ ಗಲಾಟೆಯ ಒಂದಷ್ಟು ವಿಡಿಯೊ, ಅದರ ಜೊತೆಗೆ ಎಂಟು ಹಾಡು. ಹಾಡುಗಳಿಗೆ ಹೆಸರಿಲ್ಲ. ಟ್ರ್ಯಾಕ್ 1 ಅಂತ ಶುರುವಾಗಿ ಟ್ರ್ಯಾಕ್ 8ಕ್ಕೆ ಮುಗಿಯುತ್ತದೆ. ಒಂದನ್ನು ಒತ್ತಿದ ಕೂಡಲೇ ಗೊತ್ತಾಯಿತು, ರಘು ದೀಕ್ಷಿತ್ ಅವರ ಮೊದಲ ಆಲ್ಬಂ. 2008ರಲ್ಲಿ ಬಂದದ್ದು.

ಮೊಬೈಲ್ ಅಂಗಡಿಗೆ ದುಡ್ಡು ಕೊಟ್ಟು ಕಾರ್ಡಿಗೆ ಹಾಡು ತುಂಬಿಸಿಕೊಳ್ಳುತ್ತಿದ್ದ ಕಾಲ ಅದು. ನಾವು ಕೇಳಿದ್ದು ಸಿನಿಮಾ ಹಾಡು. ಜಾಗ ಉಳಿದಿದೆ ಅಂತ ಅಂಗಡಿ ಹುಡುಗ ಇದನ್ನೂ ಸೇರಿಸಿ ಕೊಟ್ಟಿದ್ದ. ಹಾಡಿದ್ದು ಯಾರು ಅಂತ ತಿಳಿಯುವುದಕ್ಕೇ ನಮಗೆ ಒಂದು ವರ್ಷ ಹಿಡಿಯಿತು. ಹೆಸರಿಲ್ಲದೆ ಬಂದ ಹಾಡು, ಹೆಸರಿಲ್ಲದೆಯೇ ಬಾಯಿಪಾಠ ಆಗಿತ್ತು.

ಎಂಟರಲ್ಲಿ ಕನ್ನಡದವು ಎರಡು. ಎರಡೂ ಶಿಶುನಾಳ ಶರೀಫರವು. ಒಂದು ಗುಡುಗುಡಿಯ ಹಾಡು, ಇನ್ನೊಂದು ಸೋರುವ ಮನೆ ಮಾಳಿಗೆಯದು. ಇಂಗ್ಲಿಷಿನದೂ ಇದೆ. ಮಿಕ್ಕವು ಹಿಂದಿ. ಹಾಡಿದವರು ಮೈಸೂರಿನಲ್ಲಿ ಬೆಳೆದವರು, ಓದಿದ್ದು ಮೈಕ್ರೋಬಯಾಲಜಿ, ಕಲಿತದ್ದು ಭರತನಾಟ್ಯ. ಹಾಡು ಹಿಡಿದು ಕಂಪನಿ ಕಂಪನಿ ಅಲೆದರೂ ಯಾರೂ ಒಪ್ಪಿರಲಿಲ್ಲ. ಕೊನೆಗೆ ಹಿಂದಿ ಸಿನಿಮಾದ ಸಂಗೀತ ನಿರ್ದೇಶಕರಾದ ವಿಶಾಲ್ ಮತ್ತು ಶೇಖರ್ ತಮ್ಮದೇ ಕಂಪನಿಯಿಂದ ಹೊರತಂದರು. ಸಿನಿಮಾದ ಹಂಗಿಲ್ಲದ ಇಂಥ ಹಾಡನ್ನು ಪೇಟೆಯವರು 'ಇಂಡೀ' ಅನ್ನುತ್ತಾರೆ. ನಮ್ಮ ಕಡೆ ಆ ಮಾತು ಇಲ್ಲ.

ಸುದ್ದಿಗೆ ಅಂತ ಮಂಡ್ಯ, ಮದ್ದೂರು, ಮಳವಳ್ಳಿ ತಿರುಗುವುದು ನಮಗೆ ಇದ್ದದ್ದೇ. ಬೈಕಿನ ಪೆಟ್ಟಿಗೆಯಲ್ಲಿ ಒಂದು ಸಣ್ಣ ಸ್ಪೀಕರ್ ಹಾಕಿಕೊಂಡೆವು. ಹೋದ ಕಡೆ ಕೇಳಿಸೋಣ, ಜನ ಏನನ್ನುತ್ತಾರೋ ನೋಡೋಣ ಅಂತ. ಮಳವಳ್ಳಿ ಕಡೆ ಹೋಗುವುದಕ್ಕೆ ನಮಗೆ ಇನ್ನೊಂದು ಕಾರಣವೂ ಇತ್ತು. ಅದನ್ನು ಆಮೇಲೆ ಹೇಳುತ್ತೇವೆ.

ಮಂಡ್ಯದಲ್ಲಿ ಮೊದಲು ಕೇಳಿಸಿದ್ದು ಸಂಜಯ ಸರ್ಕಲ್ ಹತ್ತಿರದ ಒಂದು ಟೀ ಅಂಗಡಿಯಲ್ಲಿ. ಹಾಡು ಶುರುವಾಗಿ ಅರ್ಧ ನಿಮಿಷ ಆಗಿರಲಿಲ್ಲ, ಆಟೋದವರೊಬ್ಬರು ಕೇಳಿದರು, "ಯಾವ ಪಿಚ್ಚರ್ರು ಇದು?"

ಪಿಚ್ಚರ್ ಅಲ್ಲ ಅಂದೆವು.

"ಪಿಚ್ಚರ್ ಅಲ್ದೆ ಇನ್ನೇನು? ಸೀರಿಯಲ್ಲಾ?"

ಅದೂ ಅಲ್ಲ ಅಂದಾಗ ಅವರ ಮುಖ ಸಣ್ಣದಾಯಿತು. ನಮಗೆ ಆ ಪ್ರಶ್ನೆ ತಪ್ಪು ಅನ್ನಿಸಲಿಲ್ಲ. ನಮ್ಮ ಕಡೆ ಹಾಡಿಗೆ ಒಂದು ವಿಳಾಸ ಬೇಕು. ಸಿನಿಮಾ ಹಾಡಾದರೆ ಹೀರೋ ಹೆಸರು. ದೇವರ ಪದವಾದರೆ ದೇವರ ಹೆಸರು. ಭಾವಗೀತೆಯಾದರೆ ಕವಿಯ ಹೆಸರು. ಬರೀ ಹಾಡಿದವನ ಹೆಸರಲ್ಲಿ ನಿಂತ ಹಾಡನ್ನು ಎಲ್ಲಿ ಕೂರಿಸುವುದು ಅಂತ ಗೊತ್ತಾಗುವುದಿಲ್ಲ.

ಅಲ್ಲೇ ಪೇಪರ್ ಓದುತ್ತಾ ಕೂತಿದ್ದ ನಿವೃತ್ತ ಕನ್ನಡ ಮೇಷ್ಟ್ರು ತಲೆಯೆತ್ತಿದರು. "ಶರೀಫಜ್ಜನ ಪದ ಅಂದ್ರೆ ಅಶ್ವಥ್. ಅದಾದ ಮೇಲೆ ಯಾರು ಹಾಡಿದ್ರೂ ನಕಲೇ" ಅಂದರು. 1990ರಲ್ಲಿ ನಾಗಾಭರಣರ 'ಸಂತ ಶಿಶುನಾಳ ಶರೀಫ' ಸಿನಿಮಾ ಬಂದಾಗ ಇಡೀ ಶಾಲೆಯನ್ನೇ ಕರೆದುಕೊಂಡು ಹೋಗಿದ್ದರಂತೆ. ಅದಕ್ಕೂ ಸಂಗೀತ ಸಿ. ಅಶ್ವಥ್ ಅವರದೇ. ಗಿಟಾರ್ ಇಟ್ಟುಕೊಂಡು ಶರೀಫರನ್ನು ಹಾಡುವುದು ಅವರಿಗೆ ಸರಿ ಕಾಣಲಿಲ್ಲ.

"ಸಾರ್, ಅಶ್ವಥ್ ಅವರು ಮೊದಲು ಹಾಡಿದಾಗ ನಿಮ್ಮ ಮೇಷ್ಟ್ರು ಏನಂದಿದ್ರು?" ಅಂತ ಕೇಳಿದೆವು.

ಅವರು ನಕ್ಕುಬಿಟ್ಟರು. "ಕಿರುಚ್ತಾನೆ ಅಂದಿದ್ರು ಕಣಯ್ಯ."

1978ರಲ್ಲಿ 'ನಿತ್ಯೋತ್ಸವ' ಕ್ಯಾಸೆಟ್ ಬಂತು. ನಿಸಾರ್ ಅಹಮದ್ ಅವರ ಕವಿತೆಗೆ ಮೈಸೂರು ಅನಂತಸ್ವಾಮಿಯವರ ರಾಗ. ಕವಿತೆ ಅನ್ನುವುದು ಪುಸ್ತಕದಿಂದ ಇಳಿದು ಟೇಪ್‌ರೆಕಾರ್ಡರ್‌ಗೆ ಬಂದಾಗಲೂ ಹೀಗೇ ಮೂಗು ಮುರಿದವರಿದ್ದರು ಅಂತ ಮೇಷ್ಟ್ರೇ ಹೇಳಿದರು. ನಮ್ಮ ಜಿಲ್ಲೆಯ ಕಿಕ್ಕೇರಿಯ ಕೆ.ಎಸ್. ನರಸಿಂಹಸ್ವಾಮಿ ಅವರ ಹಾಡು ಇವತ್ತು ಮದುವೆ ಮನೆಯಲ್ಲಿ ಕೇಳುತ್ತದೆ ಅಂದರೆ ಅದು ಕ್ಯಾಸೆಟ್ಟಿನ ಪುಣ್ಯ. ಟೀ ಮುಗಿಸಿ ಏಳುವಾಗ ಮೇಷ್ಟ್ರು, "ಆ ಗುಡುಗುಡಿದು ಇನ್ನೊಂದ್ಸಲ ಹಾಕು" ಅಂದರು. ಅಭಿಪ್ರಾಯ ಬದಲಾಯಿತು ಅಂತ ಮಾತ್ರ ಬಾಯಿಬಿಟ್ಟು ಹೇಳಲಿಲ್ಲ.

ಹಿಂದಿ ಹಾಡುಗಳಲ್ಲಿ ಮೈಸೂರಿಂದ ಬಂದ ಹುಡುಗಿಯ ಮೇಲೆ ಒಂದಿದೆ. ಅದರ ಅರ್ಥ ಹೇಳಿದಾಗ ಆಟೋದವರು ಗಂಭೀರವಾಗಿ ಲೆಕ್ಕ ಹಾಕಿದರು. "ಮೈಸೂರಿಂದ ಬೆಂಗಳೂರಿಗೆ ಓಗವ್ಳೆ ಅಂದ್ರೆ ನಮ್ಮೂರು ದಾಟ್ಕೊಂಡೇ ಓಗಿರ್ಬೇಕು. ಮಂಡ್ಯದ ಎಸ್ರು ಒಂದ್ಕಡೆನೂ ಹಾಕಿಲ್ವಲ್ಲ!" ಮಂಡ್ಯದ ವಿಮರ್ಶೆ ಅಲ್ಲಿಗೆ ಮುಗಿಯಿತು.

ಮದ್ದೂರಿಗೆ ಹೋಗುವ ದಾರಿಯಲ್ಲಿ ಒಂದು ಆಲೆಮನೆಯಲ್ಲಿ ನಿಂತೆವು. ಬೆಲ್ಲದ ಬೆಲೆ ಬಗ್ಗೆ ಸುದ್ದಿ ಬೇಕಿತ್ತು. ಕಬ್ಬು ಅರೆಯುವ ಸದ್ದಿನಲ್ಲಿ ಹಾಡು ಕೇಳಿಸುವ ಹಾಗಿರಲಿಲ್ಲ. ಮಧ್ಯಾಹ್ನ ಗಾಣ ನಿಲ್ಲಿಸಿ ಊಟಕ್ಕೆ ಕೂತಾಗ ಹಾಕಿದೆವು.

ನಮ್ಮ ಆಲೆಮನೆಗಳಲ್ಲಿ ಈಗ ಉತ್ತರ ಪ್ರದೇಶ, ಬಿಹಾರದ ಕಡೆಯವರು ಬಂದು ದುಡಿಯುತ್ತಾರೆ ಅನ್ನುವುದು ನಿಮಗೆ ಗೊತ್ತೇ ಇದೆ. ನಾವು ಹದಿನೈದು ವರ್ಷ ಅರ್ಥ ಗೊತ್ತಿಲ್ಲದೆ ಗುನುಗಿದ ಹಿಂದಿ ಹಾಡುಗಳನ್ನು ಅವರು ಮೊದಲ ಸಲಕ್ಕೇ ಅರ್ಥ ಮಾಡಿಕೊಂಡರು. ದೇವರ ಹತ್ತಿರ ಇನ್ನೊಂದು ಬಾಳು ಕೊಡು ಅಂತ ಕೇಳುವ ಹಾಡು ಬಂದಾಗ ಒಬ್ಬ ಹುಡುಗ ತಟ್ಟೆಯಿಂದ ಕೈ ತೆಗೆದು ಕೇಳಿದ. ಇಪ್ಪತ್ತು ದಾಟಿರಲಿಕ್ಕಿಲ್ಲ. ಕೊಪ್ಪರಿಗೆಯ ಹತ್ತಿರ ಕೆಲಸ. ಮುಂಗೈ ಮೇಲೆ ಸುಟ್ಟ ಕಲೆ.

ಹಾಡು ಹೇಗಿದೆ ಅಂತ ಕೇಳಿದೆವು. ಅವನಿಗೆ ಬರುವ ಅರ್ಧ ಕನ್ನಡದಲ್ಲಿ, ನಮಗೆ ಬರುವ ಕಾಲು ಹಿಂದಿಯಲ್ಲಿ ಮಾತು ನಡೆಯಿತು. ಹಾಡು ಚೆನ್ನಾಗಿದೆ, ಆದರೆ ಇನ್ನೊಂದು ಬಾಳು ಕೊಟ್ಟರೂ ಅದರಲ್ಲೂ ಆಲೆಮನೆಯೇ ಸಿಕ್ಕರೆ ಏನು ಮಾಡುವುದು ಅಂದ. ಅವನ ಜೊತೆಯವರು ನಕ್ಕರು. ಅವನೂ ನಕ್ಕ.

ಅಡುಗೆ ಮಾಡಿ ಹಾಕುವ ಅಜ್ಜಿ ನಮ್ಮ ಕಡೆಯವರು. ಅವರಿಗೆ ಹಿಡಿಸಿದ್ದು ಮಾಳಿಗೆಯ ಹಾಡು. ಆದರೆ ಒಂದು ಅನುಮಾನ. "ಮಾಳ್ಗೆ ಅಂದ್ರೆ ಅಟ್ಟನೇನಪ್ಪಾ? ಅಟ್ಟ ಎಂಗೆ ಸೋರ್ತದೆ? ಸೋರೋದು ಎಂಚು."

ಆ ಹಾಡನ್ನು ಅಷ್ಟು ವರ್ಷ ಕೇಳಿದ ನಾವು ಯಾವತ್ತೂ ಹೀಗೆ ಯೋಚಿಸಿರಲಿಲ್ಲ. ಶರೀಫರದು ಹಾವೇರಿ ಜಿಲ್ಲೆಯ ಶಿಶುನಾಳ. 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡವರು. ಆ ಕಡೆಯ ಹಳೇ ಮನೆಗಳ ಮೇಲೆ ಹೆಂಚಲ್ಲ, ಮಣ್ಣಿನ ಮಾಳಿಗೆ. ತೊಲೆ, ಜಂತೆ ಹಾಕಿ ಮೇಲೆ ಮಣ್ಣು ಬಡಿದು ಸಮತಟ್ಟು ಮಾಡುತ್ತಾರೆ. ವರ್ಷಾ ವರ್ಷಾ ಮಳೆಗಾಲಕ್ಕೆ ಮುಂಚೆ ಮಣ್ಣು ಹಾಕಿ ಗಟ್ಟಿ ಮಾಡದಿದ್ದರೆ ಸೋರುತ್ತದೆ. ನಮ್ಮದು ನಾಡಹೆಂಚಿನ ಮನೆ. ಬೆಕ್ಕು ಓಡಾಡಿ ಹೆಂಚು ಸರಿದರೂ ಸಾಕು, ಸೋರುತ್ತದೆ. ಇಷ್ಟು ಹೇಳಿದಾಗ ಅಜ್ಜಿ ತಲೆಯಾಡಿಸಿದರು.

"ಮೈಯ್ಯಿಗೂ ಅಂಗೇ ಕಣಪ್ಪ. ಆಗಾಗ ಮಣ್ಣ ಹಾಕ್ಕೋಬೇಕು."

ಶರೀಫರು ಮನೆ ಅಂದದ್ದು ಈ ದೇಹವನ್ನು, ಈ ಮನಸ್ಸನ್ನು ಅಂತ ನಾವು ಹೇಳುವುದಕ್ಕೆ ಬಾಯಿ ತೆಗೆಯುವಷ್ಟರಲ್ಲಿ ಅಜ್ಜಿ ಪಾತ್ರೆ ಎತ್ತಿಕೊಂಡು ಹೊರಟಿದ್ದರು.

ಇನ್ನು ಮಳವಳ್ಳಿ.

ಸುಮಾರು ಹತ್ತು ವರ್ಷದ ಹಿಂದಿನ ಮಾತು. ಡಿಪ್ಲೊಮಾ ಮುಗಿಸಿ ಹೊಸದಾಗಿ ಸುದ್ದಿ ಕಳಿಸಲು ಶುರು ಮಾಡಿದ್ದೆವು. ಮಳವಳ್ಳಿ ತಾಲ್ಲೂಕಿನ ಒಂದು ಹಳ್ಳಿಗೆ ನೀಲಗಾರರ ಬಗ್ಗೆ ಬರೆಯಲು ಹೋದೆವು. ಮಂಟೇಸ್ವಾಮಿ, ಸಿದ್ದಪ್ಪಾಜಿಯ ಕಥೆಯನ್ನು ತಂಬೂರಿ, ಗಗ್ಗರ, ಡಕ್ಕೆ ಹಿಡಿದು ರಾತ್ರಿಯಿಡೀ ಹಾಡುವವರು ನೀಲಗಾರರು. ಮಂಟೇಸ್ವಾಮಿಯ ಮಠ ಇರುವ ಬೊಪ್ಪೇಗೌಡನಪುರ, ನಮ್ಮ ಬಾಯಲ್ಲಿ ಬಿ.ಜಿ. ಪುರ, ಇದೇ ತಾಲ್ಲೂಕಿನದು. ನಾವು ಹೋದ ದಿನ ಹಿರಿಯ ನೀಲಗಾರರು ಮನೆಯಲ್ಲಿರಲಿಲ್ಲ. ಬಾಗಿಲು ಹಾಕಿತ್ತು. ಜಗಲಿಯ ಮೇಲಿದ್ದ ಯಾರೋ, "ಈಗೆಲ್ಲಾ ಯಾರು ಕರ್ಸ್ತಾರೆ ಸಾರ್, ನಿಂತೋಯ್ತು" ಅಂದರು. ನಾವು ಅಷ್ಟನ್ನೇ ನಂಬಿ ಬರೆದೆವು. 'ಅಳಿವಿನಂಚಿನಲ್ಲಿ' ಅಂತ ತಲೆಬರಹ. ಆ ಹಿರಿಯರು ಹಾಡುವುದನ್ನು ನಿಲ್ಲಿಸಿದ್ದಾರೆ ಅಂತ ಒಂದು ಸಾಲು. ನಾಲ್ಕು ಜನ ಚೆನ್ನಾಗಿದೆ ಅಂದರು. ನಾವೂ ಮರೆತೆವು.

ಆಮೇಲೆ ಗೊತ್ತಾಯಿತು. ಆ ದಿನ ಅವರು ಮನೆಯಲ್ಲಿ ಇಲ್ಲದೇ ಇದ್ದದ್ದು ಪಕ್ಕದ ಊರಿನ ತಿಥಿಯಲ್ಲಿ ಹಾಡುವುದಕ್ಕೆ ಹೋಗಿದ್ದರಿಂದ.

ಈಗ ಆಲ್ಬಂ ನೆಪ ಮಾಡಿಕೊಂಡು ಅವರ ಮನೆಗೆ ಹೋದೆವು. ಜಗಲಿಯ ಮೇಲೆ ಕೂತಿದ್ದರು. ವಯಸ್ಸು ಎಪ್ಪತ್ತು ದಾಟಿದೆ. ಒಳಗೆ ಗೂಟಕ್ಕೆ ತಂಬೂರಿ ನೇತು ಹಾಕಿತ್ತು, ತಂತಿಯ ಮೇಲೆ ಧೂಳಿರಲಿಲ್ಲ. ಕಾಫಿ ಕೊಟ್ಟರು. ಎಂಟು ಹಾಡನ್ನೂ ಮಧ್ಯೆ ಮಾತಾಡದೆ ಕೇಳಿದರು. ಮುಗಿದ ಮೇಲೆ, "ಇಷ್ಟೇನಾ?" ಅಂದರು.

ಇಷ್ಟೇ ಅಯ್ಯಾ ಅಂದೆವು.

"ನಾವು ಸಿದ್ದಪ್ಪಾಜಿನ ಮನೆಯಿಂದ ಎಬ್ಬುಸೋಕೇ ಇಷ್ಟೊತ್ತು ಆಯ್ತದೆ" ಅಂತ ನಕ್ಕರು. ಆಮೇಲೆ ನಿಧಾನಕ್ಕೆ ಹೇಳಿದರು. ಹುಡುಗನ ಗಂಟಲಿನಲ್ಲಿ ಕಸುವಿದೆ. ಪದವನ್ನು ನುಂಗುವುದಿಲ್ಲ, ಬಿಡಿಬಿಡಿಯಾಗಿ ಉಗಿಯುತ್ತಾನೆ, ಅದು ಸರಿ. ಆದರೆ ಹಿಂದೆ ಸೊಲ್ಲು ಹಿಡಿಯುವವರಿಗೆ ಜಾಗ ಕಮ್ಮಿ ಬಿಟ್ಟಿದ್ದಾನೆ. ಒಬ್ಬನೇ ಎಲ್ಲವನ್ನೂ ಹೊರುತ್ತಾನೆ. ಹಾಡಿನಲ್ಲಿ ಮುಂದಿನವನಿಗೆ ಉಸಿರು ಬೇಕಾದಾಗ ಹಿಂದಿನವನು ಎತ್ತಿಕೊಳ್ಳಬೇಕು. ಇಲ್ಲದಿದ್ದರೆ ಬೆಳಗಿನ ಜಾವದ ತನಕ ಹೋಗುವುದು ಹೇಗೆ?

ಇದಕ್ಕಿಂತ ಒಳ್ಳೆಯ ಅಭಿಪ್ರಾಯವನ್ನು ಈ ಆಲ್ಬಂ ಬಗ್ಗೆ ನಾವು ಎಲ್ಲೂ ಓದಿಲ್ಲ.

ಅವರ ಮೊಮ್ಮಗ ಡಿಗ್ರಿ ಓದುತ್ತಿದ್ದಾನೆ. ಅವನು ತನ್ನ ಫೋನಿನಲ್ಲಿ ರಘು ದೀಕ್ಷಿತ್ ವೇದಿಕೆಯ ವಿಡಿಯೊ ತೋರಿಸಿದ. ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿ ಹಾಡುವುದನ್ನು ಕಂಡು ಅಜ್ಜ ಫೋನನ್ನು ಹತ್ತಿರ ಹಿಡಿದುಕೊಂಡರು. "ಗೆಜ್ಜೆ ಕಟ್ಟವ್ನೆ. ಆಗ್ಲಿ ಬುಡು" ಅಂದರು. ಮೊಮ್ಮಗ ಗಗ್ಗರ ಹಿಡಿದು ಅಜ್ಜನ ಹಿಂದೆ ಕೂರುತ್ತಾನಂತೆ. ಹಾಡನ್ನು ಮೂರು ನಿಮಿಷಕ್ಕೆ ಕತ್ತರಿಸಿ ಯೂಟ್ಯೂಬಿಗೆ ಹಾಕೋಣ ಅನ್ನುವುದು ಅವನ ಆಸೆ. ಕಥೆ ಕತ್ತರಿಸಿದರೆ ರಕ್ತ ಬರುತ್ತದೆ ಅನ್ನುವುದು ಅಜ್ಜನ ವಾದ. ಆ ಜಗಳ ಆ ಮನೆಯಲ್ಲಿ ಇನ್ನೂ ಇತ್ಯರ್ಥ ಆಗಿಲ್ಲ. ನಾವು ತೀರ್ಪು ಕೊಡಲಿಲ್ಲ. ಮಳವಳ್ಳಿ ಮಹದೇವಸ್ವಾಮಿ ಅವರ ಕ್ಯಾಸೆಟ್ಟುಗಳಿಂದಲೇ ಮಾದಪ್ಪನ ಕಥೆ ಎಷ್ಟೋ ಮನೆಗೆ ತಲುಪಿತಲ್ಲ ಅಂತ ಮೊಮ್ಮಗ ಅಂದ. ಅದು ಅಜ್ಜನಿಗೂ ಗೊತ್ತು.

ಹೊರಡುವ ಹೊತ್ತಿಗೆ ಅಜ್ಜನೇ ಮಾತು ತೆಗೆದರು.

"ಎಲ್ರ ಅಭಿಪ್ರಾಯ ಕೇಳ್ತಾ ಇದೀರಿ. ನೀವು ಬರ್ದಿದ್ರಲ್ಲ ನನ್ ಮೇಲೆ, ಅದ್ರ ಅಭಿಪ್ರಾಯ ಕೇಳ್ಲೇ ಇಲ್ವಲ್ಲ."

ನಮಗೆ ಮಾತು ಹೊರಡಲಿಲ್ಲ.

ಅವರು ಜೋರು ಮಾಡಲಿಲ್ಲ. ಆ ವರ್ಷ ಎರಡು ಮನೆಯವರು ಬೇರೆ ಮೇಳ ಕರೆಸಿದರಂತೆ. ಆಮೇಲೆ ಸಿಕ್ಕಾಗ, 'ನೀವು ಬುಟ್ಬುಟ್ರಿ ಅಂತ ಪೇಪರ್‌ನಾಗೆ ಬಂದಿತ್ತಲ್ಲ ಅಯ್ಯಾ' ಅಂದರಂತೆ. "ಒಂದು ರಾತ್ರಿ ಹಾಡಿದ್ರೆ ನಾಕ್ ಜನದ ಮನೆ ನಡೀತದೆ. ಎಲ್ಡು ರಾತ್ರಿ ಓಯ್ತು. ದುಡ್ಡಿನ್ ಮಾತ್ ಬುಡಿ. ಬದುಕಿರೋನ್ಗೆ ನೀವೇ ತಿಥಿ ಮಾಡ್ಬುಟ್ರಲ್ಲ."

ತಪ್ಪಾಯ್ತು ಅಯ್ಯಾ ಅಂದೆವು. ತಿದ್ದಿ ಬರೆಯುತ್ತೇವೆ, ನಿಮ್ಮ ಹೆಸರು, ಫೋಟೋ ಹಾಕಿ ಅಂದೆವು. ಅವರು ಬೇಡ ಅಂದರು. "ನನ್ ಎಸ್ರು ಬ್ಯಾಡ. ನೀಲಗಾರ್ರು ಹಾಡ್ತಾವ್ರೆ ಅಂತ ಬರೀರಿ, ಸಾಕು. ಮಿಕ್ಕೋರ್ಗೂ ಆಯ್ತದೆ."

ವಾಪಸ್ ಬರುವಾಗ ಸ್ಪೀಕರ್ ಹಾಕಲಿಲ್ಲ. ಹೆಸರಿಲ್ಲದೆ ಬಂದ ಎಂಟು ಹಾಡಿಗೆ ನಾವು ಒಂದು ವರ್ಷ ಹುಡುಕಿ ಹೆಸರು ಪತ್ತೆ ಮಾಡಿದ್ದೆವು. ಎದುರಿಗೇ ಇದ್ದ ಒಬ್ಬ ಹಾಡುಗಾರರಿಗಾಗಿ ಒಂದು ದಿನ ಕಾಯುವುದು ನಮ್ಮಿಂದ ಆಗಿರಲಿಲ್ಲ.

ಅದಕ್ಕೇ ಈ ತಿದ್ದುಪಡಿ. ಮಳವಳ್ಳಿ ತಾಲ್ಲೂಕಿನಲ್ಲಿ ನೀಲಗಾರರು ಹಾಡುವುದನ್ನು ನಿಲ್ಲಿಸಿಲ್ಲ. ನಿಲ್ಲಿಸಿದ್ದಾರೆ ಅಂತ ನಾವು ಬರೆದದ್ದು ತಪ್ಪು. ಮನೆಯಲ್ಲಿ ತಿಥಿ, ಗೃಹಪ್ರವೇಶ, ಹರಕೆ ಏನಾದರೂ ಇದ್ದರೆ ನಿಮ್ಮ ಸುತ್ತಮುತ್ತ ವಿಚಾರಿಸಿ, ಸಿಗುತ್ತಾರೆ. ಹೋದಾಗ ಬಾಗಿಲು ಹಾಕಿದ್ದರೆ ನಿಂತುಹೋಯಿತು ಅಂದುಕೊಳ್ಳಬೇಡಿ. ಯಾವ ಊರಿಗೆ ಹಾಡಲು ಹೋಗಿದ್ದಾರೆ ಅಂತ ಪಕ್ಕದ ಮನೆಯವರನ್ನು ಕೇಳಿ.